ಭೀಮಶಿಯ ಕಾರಿನ ಮೂಗು

ಬನಹಟ್ಟಿಯ ಭೀಮಶಿಗೆ ಅವನ ಹೆಂಡತಿ ಮಾಲಾ ಐತವಾರದವರೆಗೆ ಗಡುವು ಕೊಟ್ಟಿದ್ದಳು. ಗಡುವು ಭೀಮಶಿಗಲ್ಲ, ಅವನ ಕಾರಿಗೆ. ಭೀಮಶಿಯ ಗಡುವು ಮುಗಿದು ಹತ್ತು ವರ್ಷವಾಗಿತ್ತು. ಒಯ್ಯುವವರು ಯಾರೂ ಸಿಗದೆ ಮನೆಯಲ್ಲಿಟ್ಟುಕೊಂಡಿದ್ದಾಳೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ಭೀಮಶಿ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಹಾಜರಿ ಪುಸ್ತಕ, ದಾಖಲಾತಿ, ಬಿಸಿಯೂಟದ ಅಕ್ಕಿಯ ಲೆಕ್ಕ ಎಲ್ಲವನ್ನೂ ನೆಟ್ಟಗೆ ನೋಡಿಕೊಳ್ಳುವ ಮನುಷ್ಯ. ಅವನ ಬಾಳಿನಲ್ಲಿ ನೆಟ್ಟಗಿಲ್ಲದ್ದು ಒಂದೇ, ಇಪ್ಪತ್ತೇಳು ವರ್ಷದ ಆ ಪುಟ್ಟ ಕಾರು. ಅದರ ಬಣ್ಣ ಬಿಳಿ ಎಂದು ಕಾಗದಪತ್ರ ಹೇಳುತ್ತದೆ. ಸರಕಾರಿ ಕಾಗದವನ್ನು ಸುಳ್ಳೆನ್ನಲು ನಾವ್ಯಾರು? ಹೊರಟರೆ ಹೊರಟಿತು, ನಿಂತರೆ ನಿಂತಿತು. ಅದರ ಮರ್ಜಿ ಯಾವ ಮಂತ್ರಿಗೂ ಇರಲಿಕ್ಕಿಲ್ಲ.

ಯುಗಾದಿಯ ಮರುದಿನ ಅದು ಮುಧೋಳದ ಬಸ್ ನಿಲ್ದಾಣದ ಮುಂದೆ ನಿಂತುಬಿಟ್ಟಿತ್ತು. ಒಳಗೆ ಮಾಲಾಳ ಅಪ್ಪ ಲಗಮಣ್ಣ ಇದ್ದರು. ಅನಗವಾಡಿಯ ಲಗಮಣ್ಣ ಎಂದರೆ ಗಾಣದಲ್ಲಿ ಬೆಲ್ಲ ಕುದಿಸುವುದರಲ್ಲಿ ಎತ್ತಿದ ಕೈ. ಹೊಗೆಗೂಡಿನ ಹೊಗೆ ನೋಡಿಯೇ ಒಲೆಗೆ ಗಾಳಿ ಸಾಕೋ, ಸಾಲದೋ ಹೇಳುತ್ತಿದ್ದರು. ಅಂಥವರು ಹೊಸ ಧೋತರ ಕಚ್ಚೆ ಕಟ್ಟಿ, ರುಮಾಲು ಸರಿಮಾಡಿಕೊಂಡು, ಅಳಿಯನ ಕಾರು ನೂಕಿದರು. ಸರಿಯಾಗಿ ಅದೇ ಹೊತ್ತಿಗೆ ಬೀಳಗಿ ಬಸ್ಸು ಬಂದು ನಿಂತಿತು. ಬಸ್ಸಿನ ತುಂಬ ಅನಗವಾಡಿಯವರೇ.

ಅಂದು ಮಾಲಾ ಆಡಿದ ಮಾತು ಇದು: "ನೋಡ್ರಿ, ಇನ್ನೊಮ್ಮಿ ನಮ್ಮಪ್ಪ ಈ ಗಾಡಿ ನೂಕಿದಾ ಅಂದ್ರ, ಇಲ್ಲಾ ನಡು ದಾರ್‍ಯಾಗ ಕೆಟ್ಟು ನಿಂತಿತಂದ್ರ, ಮರುದಿನ ಮುಂಜಾನಿ ಗುಜರಿ ಮೋಡಕಾದವನ್ನ ಕರೆಸಿ ತೂಕಕ್ಕ ಹಾಕ್ತೇನಿ. ಬೀರಪ್ಪನ ಆಣಿ."

ಮನೆದೇವರು ಬೀರಪ್ಪನ ಆಣೆಯ ಮೇಲೆ ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಈಗ ನೋಡಿದರೆ ಬರುವ ಐತವಾರ ಲಗಮಣ್ಣನವರು ಮತ್ತೆ ಆ ಕಾರು ಹತ್ತಬೇಕಿತ್ತು. ಮಾಲಾಳ ಕಿರಿಯ ತಂಗಿ ವೈಶಾಲಿಗೆ ಜಮಖಂಡಿಯಲ್ಲಿ ಒಂದು ಗಂಡು ಗೊತ್ತಾಗಿತ್ತು. ಮೊದಲು ಗಂಡಸರು ಹೋಗಿ ಮನೆ ನೋಡಿ, ಹುಡುಗನನ್ನು ನೋಡಿ ಬರುವುದು, ಆಮೇಲೆ ಉಳಿದ ಮಾತು. ಹಿರಿಯ ಅಳಿಯ ಕಾರು ತೆಗೆಯದಿದ್ದರೆ ಮಾನ ಹೋಗುತ್ತದೆ. ಕಾರು ತೆಗೆದು ಅದು ನಿಂತರೆ ಕಾರೇ ಹೋಗುತ್ತದೆ.

ಭೀಮಶಿ ಮೊಬೈಲಿನಲ್ಲಿ ಹುಡುಕಿದ. ಹುಡುಕಿ ಹುಡುಕಿ ಒಂದು ಸಂಜೀವಿನಿ ಕಂಡುಕೊಂಡ. ಅದರ ಹೆಸರು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸಾರ್. ಕಾರಿನ ಹೊಗೆ ಹೋಗುವ ಸೈಲೆನ್ಸರ್ ಪೈಪಿಗೆ ತೂತು ಹಾಕಿ ಅದನ್ನು ತಿರುಪಿ ಕೂರಿಸಬೇಕು. ಅದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮೂಸಿ, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಬಿತ್ತೆಂದು ಸ್ಟೇರಿಂಗ್ ಪಕ್ಕದ ಮೀಟರಿನಲ್ಲಿ ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ಹದಿನಾಲ್ಕು ಪಾಯಿಂಟ್ ಏಳು ಬಂದರೆ ಗಾಡಿ ಗಟ್ಟಿಮುಟ್ಟು. ಅಂಕಿ ಏರಿದರೆ ಗಾಳಿ ಹೆಚ್ಚು, ಇಳಿದರೆ ಪೆಟ್ರೋಲು ಹೆಚ್ಚು. ಅದನ್ನು ನೋಡಿಕೊಂಡು ಕಾರ್ಬೋರೇಟರಿನ ಸ್ಕ್ರೂ ತಿರುಗಿಸಿದರೆ ಮುಗಿಯಿತು.

"ಅಂದ್ರ ಗಾಡಿಗೆ ಮೂಗು ಹಚ್ಚಾಂವ ಅನ್ನು," ಎಂದಳು ಭೀಮಶಿಯ ತಾಯಿ ಸಿದ್ದಕ್ಕ, ಪಾರ್ಸಲ್ ಬಿಚ್ಚಿದಾಗ. ಮನೆಗೆ ಏನೇ ಹೊಸದು ಬರಲಿ, ಬೀರಪ್ಪನ ಮುಂದೆ ಇಟ್ಟು ಭಂಡಾರ ಹಚ್ಚದೆ ಅವಳು ಬಿಟ್ಟವಳಲ್ಲ. ಸೆನ್ಸಾರಿಗೂ ಅರಿಶಿನದ ಭಂಡಾರ ಬಿತ್ತು. "ಯಪ್ಪಾ ಬೀರಪ್ಪಾ, ಈ ಮೂಗಿಗೆ ನೆಗಡಿ ಬರದಂಗ ನೋಡಿಕೋ."

ಸೋಮವಾರ ಮಧ್ಯಾಹ್ನ ಭೀಮಶಿ ರಜೆ ಹಾಕಿ ಮಹಾಲಿಂಗಪುರದ ಕಾಶಪ್ಪನ ವೆಲ್ಡಿಂಗ್ ಅಂಗಡಿಗೆ ಹೋದ. ಕಬ್ಬಿನ ಟ್ರ್ಯಾಲಿ ಕಟ್ಟುವುದರಲ್ಲಿ ಕಾಶಪ್ಪನನ್ನು ಬಿಟ್ಟರಿಲ್ಲ. ಇಪ್ಪತ್ತು ಟನ್ ಕಬ್ಬು ಹೊರುವ ಕಬ್ಬಿಣವನ್ನು ಬೆಸೆದ ಕೈಗೆ ಈ ಪುಟ್ಟ ಪೈಪು ಯಾವ ಲೆಕ್ಕ? ಭೀಮಶಿ ಮೊಬೈಲಿನಲ್ಲಿ ವಿಡಿಯೋ ಹುಡುಕುವಷ್ಟರಲ್ಲಿ ಕಾರಿನ ಕೆಳಗಿನಿಂದ ಕೊರೆಯುವ ಸದ್ದು ಬಂತು, ಮತ್ತೆ ಕಾಶಪ್ಪನ ದನಿಯೂ ಬಂತು.

"ಆತ್ರಿ ಸರ, ತೂತು ಬಿತ್ತು. ಕೊಡ್ರಿ ಇಲ್ಲೆ ನಿಮ್ಮ ಸಾಮಾನು."

ಭೀಮಶಿ ಬಗ್ಗಿ ನೋಡಿ ಎದೆ ಹಿಡಿದುಕೊಂಡ. "ಅಯ್ಯೋ ಕಾಶಪ್ಪ! ಪೈಪಿನ ತಳಕ್ಕ ಹಾಕಿದ್ಯಲ್ಲೋ! ತಳದಾಗ ನೀರು ನಿಂದ್ರತೈತಿ, ಸೆನ್ಸಾರ್ ಸಾಯ್ತೈತಿ. ಮ್ಯಾಲ ಹಾಕಬೇಕಿತ್ತು!"

"ಮೊದಲ ಹೇಳಬಾರದೇನ್ರಿ?"

"ಹೇಳೂದರಾಗ ಕೊರದ ಕೂತಿ!"

"ಟ್ರ್ಯಾಲಿಗೆ ಎಲ್ಲೆ ಕೊರದ್ರೂ ನಡೀತೈತ್ರಿ," ಎಂದ ಕಾಶಪ್ಪ, ತಪ್ಪೆಲ್ಲ ಕಾರಿನದೇ ಎನ್ನುವ ಹಾಗೆ. ಆದರೂ ಒಳ್ಳೆಯ ಮನುಷ್ಯ. ಒಂದು ಗೇಣು ಹಿಂದೆ, ಪೈಪಿನ ನೆತ್ತಿಗೆ ಇನ್ನೊಂದು ತೂತು ಹಾಕಿ, ನಟ್ ಬೆಸೆದು, ಸೆನ್ಸಾರನ್ನು ತಿರುಪಿ ಕೂರಿಸಿದ. ಇನ್ನು ಮೊದಲಿನ ತೂತಿಗೆ ಬೆಸುಗೆ ಹಾಕಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು.

"ಇನ್ನ ಮೂರು ಫೇಸ್ ಬರೂದು ನಾಳೆ ಮುಂಜಾನಿನ ನೋಡ್ರಿ," ಎಂದು ಕಾಶಪ್ಪ ಕೈ ಒರೆಸಿಕೊಂಡ. ಆಮೇಲೆ ಯೋಚಿಸಿ, ಬಾಜು ಅಂಗಡಿಯಿಂದ ಒಂದು ಹೆಂಟೆ ಬೆಲ್ಲ ತಂದ, ಎಲೆ ಅಡಿಕೆಯ ಚೀಲದಿಂದ ಸುಣ್ಣ ತೆಗೆದ. ಎರಡನ್ನೂ ಅಂಗೈಯಲ್ಲಿ ತಿಕ್ಕಿ ಕಲಸಿ ಉಂಡೆ ಮಾಡಿದ. "ಬೆಲ್ಲ ಸುಣ್ಣ, ಸರ. ನಮ್ಮ ಮುತ್ಯಾ ವಾಡೆದ ಗ್ವಾಡಿ ಕಟ್ಟಿದ್ದು ಇದರಾಗ. ನೂರು ವರ್ಷ ಆತು, ಇನ್ನೂ ಅಳಗ್ಯಾಡಿಲ್ಲ. ಈ ತೂತು ಯಾವ ಗಿಡದ ತಪ್ಪಲಾ?"

ಗೋಡೆಯ ಒಳಗೆ ಬೆಂಕಿ ಉರಿಯುವುದಿಲ್ಲ, ಸೈಲೆನ್ಸರಿನ ಒಳಗೆ ಉರಿಯುತ್ತದೆ ಎನ್ನುವ ಸಣ್ಣ ವ್ಯತ್ಯಾಸ ಇಬ್ಬರಿಗೂ ಹೊಳೆಯಲಿಲ್ಲ. ಕಾಶಪ್ಪ ಮೆತ್ತಿದ, ಭೀಮಶಿ ಭೇಷ್ ಎಂದ.

ಹೊರಡುವಾಗ ಮೀಟರಿನಲ್ಲಿ ಕೆಂಪಗೆ ಹದಿನಾಲ್ಕು ಪಾಯಿಂಟ್ ಏಳು ಮೂಡಿತು. ಭೀಮಶಿಯ ಕಣ್ಣಲ್ಲಿ ನೀರು ಬಂತು. ಮೊದಲ ಸಲ ಕಾರು ತನ್ನ ಜೊತೆ ಖರೆ ಮಾತಾಡುತ್ತಿದೆ ಎಂದು ಅವನಿಗೆ ಅನಿಸಿತು. ದಾರಿಯುದ್ದಕ್ಕೂ ಯಾರದೋ ಗಾಣದ ವಾಸನೆ ಬರುತ್ತಿತ್ತು. ಕಬ್ಬಿನ ಸೀಮೆ, ಗಾಣದ ವಾಸನೆ ಬಂದರೆ ವಿಶೇಷವೇನು? ಆದರೆ ಮೂರು ಊರು ದಾಟಿದರೂ ಗಾಣ ಬೆನ್ನು ಬಿಡಲಿಲ್ಲ. ಬನಹಟ್ಟಿಯ ತನ್ನ ಓಣಿಗೆ ಬಂದಾಗಲೇ ಅವನಿಗೆ ಗೊತ್ತಾದದ್ದು, ಗಾಣ ತನ್ನ ಕಾರಿನ ಹೊಟ್ಟೆಯಲ್ಲೇ ಇದೆಯೆಂದು.

ಕಟ್ಟೆಯ ಮೇಲೆ ಪರಮಾನಂದ ಕೂತಿದ್ದರು. ಎದುರು ಮನೆಯವರು, ನಿವೃತ್ತ ನೌಕರರು. ನಿವೃತ್ತಿಯಾದ ಮೇಲೆ ಓಣಿಯ ಸುದ್ದಿಯನ್ನು ಸಂಬಳವಿಲ್ಲದೆ ಹಂಚುತ್ತಿದ್ದರು. ಕಾರು ನಿಂತದ್ದೇ ತಡ, ಎದ್ದು ಬಂದು ಸೈಲೆನ್ಸರಿಗೆ ಮೂಗು ಕೊಟ್ಟರು.

"ಅಲ್ರೀ ಭೀಮಶಿ, ಬೆಲ್ಲದ ವಾಸನಿ ಬರಾಕತ್ತೈತಲ್ರಿ ಹೊಗಿಯಾಗ?"

ಇದ್ದದ್ದನ್ನು ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಪರದೇಶದ ಸೆನ್ಸಾರ್ ಹಾಕಿಸಿಕೊಂಡು ಬಂದವನು, ಪಕ್ಕದ ತೂತಿಗೆ ಬೆಲ್ಲ ಮೆತ್ತಿಸಿದ್ದೇನೆ ಎಂದು ಹೇಗೆ ಬಾಯಿ ಬಿಡಬೇಕು? ಭೀಮಶಿ ಗಂಟಲು ಸರಿಮಾಡಿಕೊಂಡು, "ಅದು… ಹೊಸಾ ಪ್ರಯೋಗ ರೀ. ಇನ್ನೂ ಯಾರಿಗೂ ಹೇಳಬ್ಯಾಡ್ರಿ," ಎಂದ.

ಯಾರಿಗೂ ಹೇಳಬೇಡಿ ಎಂದು ಪರಮಾನಂದರಿಗೆ ಹೇಳುವುದೂ ಒಂದೇ, ಸಂತೆಯಲ್ಲಿ ಡಂಗುರ ಸಾರುವುದೂ ಒಂದೇ. ಅವರು ಮೀಟರಿನ ಕೆಂಪು ಅಂಕಿ ನೋಡಿದರು, ವಾಸನೆ ಮೂಸಿದರು, ಕೂಡಿಸಿದರು. ಪೆಟ್ರೋಲಿನಲ್ಲಿ ಕಬ್ಬಿನ ಎಥನಾಲ್ ಬೆರೆಸುತ್ತಾರೆಂದು ದಿನಾ ಓದುತ್ತಿದ್ದ ಮನುಷ್ಯ. ಸಂಜೆಯೊಳಗೆ ಅವರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕಾರಿನ ಹಿಂಭಾಗ, ಅದರ ಕೆಳಗೆ ಬರಹ: "ನಮ್ಮ ಓಣಿಯ ಹೆಮ್ಮೆ. ಬೆಲ್ಲದ ಮೇಲೆ ಓಡುವ ಕಾರು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಂಗಳವಾರ ಹೆಡ್ಮಾಸ್ತರರು ಭೀಮಶಿಯನ್ನು ಕರೆದು ಕುರ್ಚಿ ಕೊಟ್ಟರು. ಹದಿನೆಂಟು ವರ್ಷದ ನೌಕರಿಯಲ್ಲಿ ಮೊದಲ ಕುರ್ಚಿ. "ವಿಜ್ಞಾನ ಮಾಸ್ತರ ನಮ್ಮಲ್ಲಿ ಮೂರು ಮಂದಿ ಅದಾರ, ಒಬ್ಬರಿಗೂ ಇಂಥಾದ್ದು ಹೊಳೀಲಿಲ್ಲ ನೋಡ್ರಿ," ಎಂದರು. ಮೂರು ಮಂದಿ ವಿಜ್ಞಾನ ಮಾಸ್ತರರು ಬಾಗಿಲಲ್ಲಿ ನಿಂತು ಭೀಮಶಿಯನ್ನು ನುಂಗುವ ಹಾಗೆ ನೋಡಿದರು. ಭೀಮಶಿ, "ಇನ್ನೂ ಟೆಸ್ಟಿಂಗ್ ನಡದೈತ್ರಿ," ಎಂದು ನೆಲ ನೋಡಿದ.

ಬುಧವಾರ ಬೆಳಿಗ್ಗೆ ಕಾಶಪ್ಪನ ಅಜ್ಜನ ಗೋಡೆ ಬಿದ್ದಿತು. ಎಂದರೆ, ಬೆಲ್ಲ ಕರಗಿ, ಸುಣ್ಣ ಸುಟ್ಟು, ಉಂಡೆ ಎಲ್ಲೋ ರಸ್ತೆಯಲ್ಲಿ ಉದುರಿತು. ಭೀಮಶಿಗೆ ಅದು ತಿಳಿಯಲಿಲ್ಲ. ಅವನಿಗೆ ತಿಳಿದದ್ದು ಮೀಟರಿನ ಅಂಕಿ ಹದಿನೇಳಕ್ಕೆ ಏರಿದ್ದು. ಹದಿನೇಳು ಎಂದರೆ ಗಾಳಿ ಹೆಚ್ಚು. ಸ್ಕ್ರೂಡ್ರೈವರ್ ಹಿಡಿದು ಪೆಟ್ರೋಲು ಜಾಸ್ತಿ ಮಾಡಿದ. ಅಂಕಿ ಇಳಿಯಲಿಲ್ಲ. ಇನ್ನಷ್ಟು ಮಾಡಿದ. ಹಿಂದಿನಿಂದ ಕರಿ ಹೊಗೆ ಶುರುವಾಯಿತು.

"ರೀ, ಕರೀ ಹೊಗಿ ಬರಾಕತ್ತೈತಿ," ಎಂದಳು ಮಾಲಾ, ಅಂಗಳದಲ್ಲಿ ಒಣಹಾಕಿದ ಸೀರೆ ಎಳೆದುಕೊಳ್ಳುತ್ತ.

"ನಿನಗ ತಿಳಿಯೂದಿಲ್ಲ. ಮೀಟರ್ ಏನ್ ಹೇಳಾಕತ್ತೈತಿ ನೋಡು. ಪೆಟ್ರೋಲ್ ಸಾಲವಲ್ದಂತ."

"ಮೀಟರಿಗೆ ಕಣ್ಣ ಅದಾವೇನು? ನನಗ ಅದಾವು!"

"ಅದಕ್ಕ ಮೂಗೈತಿ," ಎಂದು ಭೀಮಶಿ ಇನ್ನೊಂದು ಸುತ್ತು ತಿರುಗಿಸಿದ. ಹದಿನೆಂಟು ವರ್ಷ ಹಾಜರಿ ಪುಸ್ತಕ ಬರೆದವನಿಗೆ ಕಣ್ಣಿಗಿಂತ ಅಂಕಿಯ ಮೇಲೆ ನಂಬಿಕೆ ಹೆಚ್ಚು. ಪುಸ್ತಕದಲ್ಲಿ ಹಾಜರಿದ್ದರೆ ಮುಗಿಯಿತು, ಹುಡುಗ ಬೆಂಚಿನಲ್ಲಿದ್ದಾನೋ ಮಾವಿನ ಗಿಡದಲ್ಲಿದ್ದಾನೋ ಯಾರಿಗೆ ಬೇಕು.

ಗುರುವಾರ ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಗಂಗಾರಾಮ ಸಾವಕಾರರು ಬಂದರು. ಬರುವಾಗಲೇ ಬೆಲ್ಲದ ಐದು ದೊಡ್ಡ ಅಚ್ಚು, ಅಂದರೆ ಐದು ಪೆಂಟಿ, ತಂದಿದ್ದರು. ಭೀಮಶಿ ಬೇಡ ಬೇಡವೆಂದರೂ ಆಳಿನ ಕೈಯಿಂದ ಕಾರಿನ ಡಿಕ್ಕಿಯಲ್ಲಿ ಇಡಿಸಿದರು.

"ಇದು ಒಂದನೇ ನಂಬರ್ ಮಾಲ ಐತ್ರಿ. ಕೆಮಿಕಲ್ ಇಲ್ಲ, ಏನಿಲ್ಲ. ಪೆಂಟಿಗೆ ಎಷ್ಟು ಕಿಲೋಮೀಟರ್ ಕೊಡತೈತಿ, ಅಷ್ಟ ಹೇಳ್ರಿ ನನಗ."

"ಸಾವಕಾರ, ಹಂಗಲ್ರಿ ಅದು…"

"ಗೊತ್ತೈತ್ರಿ, ಗುಟ್ಟು ಬಿಡಬಾರದು. ಬಿಡಬ್ಯಾಡ್ರಿ! ಆದ್ರ ಬೇರೆ ಬೆಲ್ಲದವರನ್ನ ಮಾತ್ರ ಮಾತಾಡಿಸಬ್ಯಾಡ್ರಿ. ಕೈ ಮುಗೀತೇನಿ," ಎಂದು ಗಂಗಾರಾಮರು ನಿಜವಾಗಿಯೂ ಕೈ ಮುಗಿದರು. ಭೀಮಶಿ ಇಂಗು ತಿಂದ ಮಂಗನ ಹಾಗೆ ನಿಂತ. ಹೇಳಿದರೆ ನಗೆಪಾಟಲು, ಹೇಳದಿದ್ದರೆ ಇನ್ನಷ್ಟು ಬೆಲ್ಲ.

ಶನಿವಾರ ಮಧ್ಯಾಹ್ನ ಮನೆಯ ಮುಂದೆ ಜೀಪು ನಿಂತಿತು. ಅಬಕಾರಿ ಇಲಾಖೆಯ ಸಾಹೇಬರು, ಅವರ ಹಿಂದೆ ಇಬ್ಬರು ಪೇದೆಗಳು. ಸಾಹೇಬರು ಇಸ್ತ್ರಿ ಅಂಗಿಯ, ತೂಕದ ಮಾತಿನ ಮನುಷ್ಯ.

"ನೋಡ್ರಿ, ಬೆಲ್ಲ ಅಂದ ಕೂಡಲೆ ನಮ್ಮ ಇಲಾಖೆಗೆ ಎರಡ ವಿಚಾರ ಬರ್ತಾವ. ಒಂದು ಹೋಳಿಗಿ, ಇನ್ನೊಂದು ಕಳ್ಳಭಟ್ಟಿ. ಗಾಡಿ ಓಡೂ ವಿಚಾರ ಇಪ್ಪತ್ತು ವರ್ಷದಾಗ ಬಂದಿಲ್ಲ. ಡಿಕ್ಕಿ ತೆಗೀರಿ."

ಭೀಮಶಿ ಕೀಲಿ ಹಾಕಿದ. ಡಿಕ್ಕಿ ತೆರೆಯಿತು. ಐದು ಪೆಂಟಿ ಬೆಲ್ಲ, ಅದರ ಮೇಲೆ ಓಣಿಯ ಅಷ್ಟೂ ಇರುವೆ.

"ಇದು ಹೋಳಿಗಿಗೆ ಹೆಚ್ಚಾತು," ಎಂದರು ಸಾಹೇಬರು.

ಸಿದ್ದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. "ಏನೋ ಯಪ್ಪಾ, ನನ್ನ ಮಗ ಚಾಕ್ಕ ಸಕ್ಕರಿ ಹಾಕಬೇಕಂದ್ರ ಹೆಣ್ತೀನ್ನ ಕೇಳ್ತಾನ. ಅಂವ ದಾರೂ ಕಾಸ್ತಾನಾ? ಕಾಸಿದ್ರ ಒಲಿ ಹಚ್ಚಾಕ ಬರಬೇಕಲ್ಲ ಮೊದಲ!"

"ಹಂಗಾದ್ರ ಒಂದು ಕೆಲಸ ಮಾಡೂಣಮ್ಮಾ. ನಾಳೆ ಮುಂಜಾನಿ ಬರ್ತೇನಿ. ಗಾಡಿ ಬೆಲ್ಲದ ಮ್ಯಾಲ ಓಡತೈತಿ ಅಂತ ತೋರಸ್ರಿ, ಇಲ್ಲಾ ಈ ಬೆಲ್ಲ ಯಾಕ ಅಂತ ಹೇಳ್ರಿ. ಎರಡೂ ಆಗಲಿಲ್ಲಂದ್ರ ಗಾಡಿ ಜಪ್ತಿ."

ಹೀಗೆ ಒಂದು ಕಾರಿಗೆ ಎರಡು ಯಮದೂತರಾದರು. ಒಳಗೆ ಮಾಲಾ, ಹೊರಗೆ ಸರಕಾರ. ಅದೇ ಸಂಜೆ ಬಸ್ಸಿಳಿದು ಲಗಮಣ್ಣನವರೂ ಬಂದರು.

ಐತವಾರ ಎಂಟು ಗಂಟೆಗೆಲ್ಲ ಓಣಿ ತುಂಬಿತ್ತು. ಪರಮಾನಂದರು ಮೊಬೈಲ್ ಹಿಡಿದು ಮುಂದಿನ ಸಾಲಿನಲ್ಲಿ. ಗಂಗಾರಾಮ ಸಾವಕಾರರು ಹೂವಿನ ಹಾರ ತಂದಿದ್ದರು, ಕಾರಿಗೋ ಭೀಮಶಿಗೋ ಗೊತ್ತಿಲ್ಲ. ಸಾಹೇಬರು ಕಾರಿನ ಹಿಂದೆ ನಿಂತು, "ಹೂಂ, ಚಾಲೂ ಮಾಡ್ರಿ," ಎಂದರು.

ಭೀಮಶಿ ಚಾಲೂ ಮಾಡಿದ. ಕಾರು ಕೆಮ್ಮಿತು, ಸೀನಿತು, ಆಮೇಲೆ ಹಿಂದಿನಿಂದ ಒಂದೇ ಸಲ ವಾರದ ಸಿಟ್ಟನ್ನೆಲ್ಲ ಕಾರಿತು. ಹೊಗೆ ಸರಿದಾಗ ಸಾಹೇಬರ ಇಸ್ತ್ರಿ ಅಂಗಿಯ ಮುಂಭಾಗ ಕಪ್ಪು, ಹಿಂಭಾಗ ಬಿಳಿ. ಕಾರು ನಿಂತುಹೋಗಿತ್ತು.

ಯಾರೂ ನಗಲಿಲ್ಲ. ಸರಕಾರದ ಮುಂದೆ ನಗುವುದಕ್ಕೂ ಧೈರ್ಯ ಬೇಕು.

ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಲಗಮಣ್ಣ ಬಟ್ಟಲು ಇಟ್ಟರು. "ಹೊಗಿ ಎಂಥಾದ್ ಬಂತವಾ?" ಎಂದು ಸಿದ್ದಕ್ಕನನ್ನು ಕೇಳಿದರು.

"ಎಂಥಾದ್ದ ಅಂತೀಯೋ ಅಣ್ಣಾ! ಕರೀ ಕಂಬಳಿ ಹಾರಿ ಬಂದಂಗಾತು."

"ಹಂಗಾದ್ರ ಉರಿಗಿ ಗಾಳಿ ಸಾಲವಲ್ದು. ಸೌದಿ ಹೆಚ್ಚಾಗೈತಿ."

"ಇಲ್ರಿ ಮಾವಾರ," ಎಂದ ಭೀಮಶಿ, ಅಳುವುದೊಂದು ಬಾಕಿ. "ಮೀಟರ್ ಗಾಳಿ ಹೆಚ್ಚಾಗೈತಿ ಅಂತೈತ್ರಿ. ಹದಿನೆಂಟು ತೋರಸಾಕತ್ತೈತಿ."

ಲಗಮಣ್ಣ ಕಟ್ಟೆಯಿಂದ ಇಳಿದರು. "ಎರಡೂ ಖರೆ ಇರಬೇಕ್ರಿ ಅಳ್ಯಾರ. ಒಲಿಯಾಗ ಗಾಳಿ ಕಡಿಮಿ, ಹೊಗಿಗೂಡಿನಾಗ ಗಾಳಿ ಹೆಚ್ಚು. ನಮ್ಮ ಗಾಣದಾಗೂ ಹೊಗಿಗೂಡು ಎಲ್ಯರ ಸೀಳಿತಂದ್ರ ಹೊರಗಿನ ಗಾಳಿ ಒಳಗ ಹೊಗತೈತಿ. ಇದಕ್ಕ ಎಲ್ಲೆರ ತೂತು ಐತೇನು?"

ಲಗಮಣ್ಣ ಉತ್ತರಕ್ಕೆ ಕಾಯಲಿಲ್ಲ. ಕಂಬಳಿ ಹಾಸಿ, ರುಮಾಲು ತೆಗೆದಿಟ್ಟು, ಕಾರಿನ ಕೆಳಗೆ ತೂರಿದರು.

"ಅಪ್ಪಾ! ಗಾಡಿಗೆ ಕೈ ಹಚ್ಚಬ್ಯಾಡ!" ಎಂದು ಮಾಲಾ ಬಾಗಿಲಿನಿಂದ ಕೂಗಿದಳು.

"ನೂಕಾಕತ್ತಿಲ್ಲ ಯವ್ವಾ, ನಾಡಿ ನೋಡಾಕತ್ತೇನಿ," ಎಂದು ಕೆಳಗಿನಿಂದ ದನಿ ಬಂತು. "ಅಳ್ಯಾರ, ಚಾಲೂ ಮಾಡ್ರಿ."

ಎರಡು ನಿಮಿಷದ ಒದ್ದಾಟದ ಮೇಲೆ ಕಾರು ಚಾಲೂ ಆಯಿತು. ಲಗಮಣ್ಣ ಅಂಗೈಯನ್ನು ಪೈಪಿನ ಸುತ್ತ ಅಂತರ ಬಿಟ್ಟು ಆಡಿಸಿದರು. ಒಂದು ಕಡೆ ಕೈ ನಿಂತಿತು. ಒದ್ದೆ ಗೋಣಿಚೀಲ ಕೇಳಿ ಇಸಿದುಕೊಂಡು ಅಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದರು.

ಕಿಟಕಿಯಲ್ಲಿ ತಲೆ ತೂರಿಸಿದ್ದ ಪರಮಾನಂದರು ಕೂಗಿದರು: "ಇಳೀತ್ರಿ! ಹದಿನೆಂಟು, ಹದಿನಾಲ್ಕು, ಹನ್ನೊಂದು… ಹತ್ತಾತ್ರಿ!"

ಹತ್ತು ಎಂದರೆ ಪೆಟ್ರೋಲಿನ ಪ್ರವಾಹ. ಬುಧವಾರದಿಂದ ತಾನು ಕಾರಿಗೆ ಪೆಟ್ರೋಲು ಕುಡಿಸಿದ್ದಲ್ಲ, ಪೆಟ್ರೋಲಿನಲ್ಲಿ ಮುಳುಗಿಸಿದ್ದು ಎಂದು ಭೀಮಶಿಗೆ ಆಗ ತಿಳಿಯಿತು. ಕಾರು ನಿಲ್ಲಿಸಿ ಇಳಿದ. ಸುತ್ತ ನಿಂತವರನ್ನು ನೋಡಿದ. ಇನ್ನು ಮುಚ್ಚಿಡುವುದಕ್ಕೆ ತೂತಿನಲ್ಲಿ ಬೆಲ್ಲವೂ ಉಳಿದಿರಲಿಲ್ಲ.

"ತಪ್ಪು ನಂದ ರೀ," ಎಂದ. "ತೂತು ಇದ್ದದ್ದು ನನಗ ಗೊತ್ತಿತ್ತು. ಕಾಶಪ್ಪ ಬೆಲ್ಲ ಸುಣ್ಣ ಮೆತ್ತಿದ್ದ. ವಾಸನಿ ಅದರದು. ಬೆಲ್ಲದ ಮ್ಯಾಲ ಯಾವ ಗಾಡೀನೂ ಓಡೂದಿಲ್ಲ. ಹೇಳಾಕ ನಾಚಿಕಿ ಆತು, ಸುಳ್ಳು ಹೇಳಿದ್ನಿ."

ಗಂಗಾರಾಮ ಸಾವಕಾರರು ಹಾರವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿ, ಆಳಿಗೆ ಡಿಕ್ಕಿಯ ಕಡೆ ಕಣ್ಣು ಮಾಡಿದರು. ಪರಮಾನಂದರು ಸ್ಟೇಟಸ್ ಅಳಿಸತೊಡಗಿದರು. ಸಾಹೇಬರು ಮಾತ್ರ ಬೇಸರದಿಂದ, "ಅಂದ್ರ ದಾರೂನೂ ಇಲ್ಲ, ಪ್ರಯೋಗಾನೂ ಇಲ್ಲ. ನಾ ರಿಪೋರ್ಟಿನಾಗ ಏನ್ ಬರೀಲಿ?" ಎಂದರು.

"ಹೋಳಿಗಿ ಅಂತ ಬರಿಯೋ ಯಪ್ಪಾ," ಎಂದಳು ಸಿದ್ದಕ್ಕ.

ಲಗಮಣ್ಣ ಕೆಳಗಿನಿಂದ ಎದ್ದು ಬಂದರು. "ಮಿಷಿನ್ ಸುಳ್ಳ ಹೇಳಿಲ್ರಿ ಅಳ್ಯಾರ. ಅದರ ಮೂಗಿನಾಗ ಹೋದದ್ದ ಹೇಳೈತಿ." ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ತೂತಿನ ಮೇಲೆ ಸುತ್ತಿದರು. ಪರಮಾನಂದರು ತಪ್ಪೊಪ್ಪಿಗೆಯ ಹಾಗೆ ತಮ್ಮ ಬೋರ್‌ವೆಲ್ ಪೈಪಿನ ಕ್ಲಾಂಪು ತಂದುಕೊಟ್ಟರು. ಬಿಗಿದದ್ದಾಯಿತು. ಭೀಮಶಿ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದ. ದೇವರ ಹೆಸರು ಹೇಳಿ ಕೀಲಿ ತಿರುವಿದ.

ಟಿಕ್.

ಮತ್ತೆ ತಿರುವಿದ. ಟಿಕ್. ಬೆಳಗಿನಿಂದ ಚಾಲೂ ಮಾಡಿ ಮಾಡಿ ಬ್ಯಾಟರಿ ಕೂತುಬಿಟ್ಟಿತ್ತು.

ಇನ್ನು ಉಳಿದದ್ದು ಒಂದೇ ದಾರಿ, ಆ ದಾರಿ ಎಲ್ಲರಿಗೂ ಗೊತ್ತಿತ್ತು. ಲಗಮಣ್ಣ ಧೋತರದ ಕಚ್ಚೆ ಬಿಗಿದು ಕಾರಿನ ಹಿಂದಕ್ಕೆ ನಡೆದರು. ಬಾಗಿಲಲ್ಲಿ ಮಾಲಾ ಎರಡೂ ಕೈ ಸೊಂಟದ ಮೇಲಿಟ್ಟಳು.

ಭೀಮಶಿ ಜೀವಮಾನದಲ್ಲಿ ಅಷ್ಟು ಜೋರಾಗಿ ಓಡಿರಲಿಲ್ಲ. ಮಾವನ ರಟ್ಟೆ ಹಿಡಿದು, "ಮಾವಾರ, ನಿಮ್ಮ ಕಾಲಿಗೆ ಬೀಳ್ತೇನಿ, ಒಳಗ ಕುಂಡ್ರಿ!" ಎಂದು ಮುಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದ. ಕೂರಿಸಿದ್ದೇನೋ ಆಯಿತು, ನೂಕುವವರು ಯಾರು? ಅವನು ಸುತ್ತ ನೋಡಿದ. ಎಲ್ಲರಿಗೂ ಅದೇ ಗಳಿಗೆಯಲ್ಲಿ ಮನೆಯ ಕೆಲಸ ನೆನಪಾಯಿತು.

ಆಗ ಅಬಕಾರಿ ಸಾಹೇಬರು ತೋಳು ಮಡಚಿದರು. "ಅಂಗಿ ಹೆಂಗೂ ಹೋತು. ಈ ಗಾಡಿ ಪೆಟ್ರೋಲ್ ಮ್ಯಾಲ ಓಡಿದ್ದು ಕಣ್ಣಾರೆ ನೋಡಿದ್ರ ಫೈಲ್ ಮುಚ್ಚಾಕ ಬರತೈತಿ. ಏ, ಬರ್ರೋ ಇಬ್ಬರೂ!"

ಸಾಹೇಬರು ಕೈ ಹಚ್ಚಿದ ಮೇಲೆ ಸಾವಕಾರರು ಸುಮ್ಮನೆ ನಿಲ್ಲುವುದುಂಟೇ? ಅವರೂ ಬಂದರು. ಪರಮಾನಂದರೂ ಬಂದರು. ಸರಕಾರ, ವ್ಯಾಪಾರ, ಸಮಾಚಾರ ಮೂರೂ ಸೇರಿ ಹಿಂದಿನಿಂದ ನೂಕುತ್ತಿದ್ದರೆ, ಅನಗವಾಡಿಯ ಲಗಮಣ್ಣ ರುಮಾಲು ಸುತ್ತಿಕೊಂಡು ಮುಂದೆ ಅರಸನ ಹಾಗೆ ಕೂತಿದ್ದರು. ಓಣಿಯ ತುದಿಯಲ್ಲಿ ಇಂಜಿನ್ ಹಿಡಿಯಿತು. ಹೊಗೆಯಿಲ್ಲ, ಕೆಮ್ಮಿಲ್ಲ. ಭೀಮಶಿ ಕನ್ನಡಿಯಲ್ಲಿ ನೋಡಿದ. ಮಾಲಾ ಕೈ ಇಳಿಸಿ, ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದಳು. ಕಾರು ಉಳಿಯಿತು.

ಬನಹಟ್ಟಿ ಹಿಂದಾಯಿತು. ರಸ್ತೆಯ ಎರಡೂ ಬದಿ ಕಬ್ಬು ಎದ್ದು ನಿಂತಿತ್ತು. ಮೀಟರಿನಲ್ಲಿ ಹದಿನಾಲ್ಕು ಪಾಯಿಂಟ್ ಏಳು, ಅಲುಗಾಟವಿಲ್ಲ. ಭೀಮಶಿ ಸಿಳ್ಳೆ ಹಾಕಬೇಕೆಂದುಕೊಂಡ, ಮಾವನವರಿದ್ದಾರೆಂದು ಬಿಟ್ಟ.

"ಅಳ್ಯಾರ," ಎಂದರು ಲಗಮಣ್ಣ, "ಇಂಥಾ ಸೆನ್ಸಾರು ನಮ್ಮ ಗಾಣದ ಹೊಗಿಗೂಡಿಗೆ ಕುಂಡ್ರತೈತೇನ್ರಿ?"

ಭೀಮಶಿಗೆ ಎದೆ ಉಬ್ಬಿತು. "ಕುಂಡ್ರದ ಏನ್ರಿ! ಆದ್ರ ನಿಮಗ್ಯಾಕರಿ ಅದು? ನೀವು ಹೊಗಿ ನೋಡಿನ ಹೇಳ್ತೀರಿ."

ಲಗಮಣ್ಣ ಕಿಟಕಿಯ ಕಡೆ ತಿರುಗಿದರು. "ಈಗ ಎಷ್ಟೈತ್ರಿ, ಮೀಟರಿನಾಗ?"

"ನಿಮ್ಮ ಮುಂದ ಐತಲ್ರಿ ಮಾವಾರ. ಅಷ್ಟ ದಪ್ಪ ಅಂಕಿ."

"ಏನೋ ಕೆಂಪಗ ಬೆಳಗಾಕತ್ತೈತಿ. ಅಷ್ಟ ಕಾಣತೈತ್ರಿ ನನಗ."

ಭೀಮಶಿ ಕಾರನ್ನು ನಿಧಾನ ಮಾಡಿದ.

"ಎರಡ ವರ್ಷ ಆತ್ರಿ," ಎಂದರು ಲಗಮಣ್ಣ. "ಮಂಜ ಮಂಜ. ಹೊಗಿ ಕರೇದೋ ಬಿಳೇದೋ ತಿಳಿವಲ್ದು. ಹ್ವಾದ ಸಲ ಎರಡ ಕೊಪ್ಪರಿಗಿ ಬೆಲ್ಲ ಹೊತ್ತಿಸಿದ್ನಿ. ಕಬ್ಬ ಸರಿ ಇಲ್ಲಂತ ಹೇಳಿ ಮುಚ್ಚಿದ್ನಿ. ಈಗ ನೋಡ್ರಿ, ವೈಶಾಲಿಗೆ ಗಂಡು ನೋಡಾಕ ಹೊಂಟೇನಿ. ಹುಡುಗನ ಮಾರಿ ನನಗ ಕಾಣೂದಿಲ್ಲ." ಅವರ ದನಿ ಸಣ್ಣಗಾಯಿತು. "ಕಣ್ಣ ಹ್ವಾದುವು ಅಂದ್ರ ಗಾಣಕ್ಕ ಯಾರ ಕರೀತಾರ? ಮಾಲಾಗ ಹೇಳಬ್ಯಾಡ್ರಿ. ಒದರಿ ಊರ ಕೂಡಸ್ತಾಳ."

ನಾಚಿಕೆಗೆ ಮುಚ್ಚಿಡುವುದು ಹೇಗಿರುತ್ತದೆಂದು ಭೀಮಶಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ವಾರ ಅದನ್ನೇ ಮಾಡಿದ್ದ.

"ಇವತ್ತ ಹುಡುಗನ್ನ ನಾ ನೋಡತೇನಿ. ಕಿವಿ ಹೆಂಗದಾವ, ಹಲ್ಲ ಹೆಂಗದಾವ, ಎಲ್ಲಾ ಹೇಳ್ತೇನಿ. ರಾತ್ರಿ ಜಮಖಂಡ್ಯಾಗ ಇರೂಣು. ನಾಳೆ ಮುಂಜಾನಿ ಕಣ್ಣಿನ ಡಾಕ್ಟರ್. ಆಪರೇಷನ್ ಮಾಡಿದ್ರ ನೆಟ್ಟಗಾಗತೈತ್ರಿ ಮಾವಾರ, ನಮ್ಮ ಹೆಡ್ಮಾಸ್ತರಗ ಆಗೇತಿ."

"ರಾತ್ರಿ ಯಾಕ ಉಳದ್ರಿ ಅಂತ ಮಾಲಾ ಕೇಳ್ತಾಳಲ್ರಿ?"

"ಗಾಡಿ ಕೆಟ್ಟೈತಿ ಅಂತ ಹೇಳ್ತೇನಿ."

ಲಗಮಣ್ಣ ಗಕ್ಕನೆ ತಿರುಗಿದರು. ಮಗಳ ಆಣೆ ಅವರಿಗೂ ಗೊತ್ತಿತ್ತು. "ಹಂಗಂದ್ರ ಗಾಡಿ ಹೋಗತೈತ್ರಿ ನಿಮ್ಮದು!"

"ಹೋಗ್ಲಿ ಬಿಡ್ರಿ," ಎಂದ ಭೀಮಶಿ ಬಲು ಸಲೀಸಾಗಿ. ಅಂದ ಮೇಲೆ ಒಂದು ಮೈಲಿ ದೂರ ಅವನ ಕೈ ಸ್ಟೇರಿಂಗನ್ನು ಸವರುತ್ತಲೇ ಇತ್ತು.

ಜಮಖಂಡಿ ಬಂತು. ಗಂಡಿನ ಮನೆಯ ಮುಂದೆ ಕಾರು ಗಂಭೀರವಾಗಿ ಬಂದು ನಿಂತಿತು. ಮನೆಯವರೆಲ್ಲ ಹೊರಗೆ ಬಂದು, ಇಪ್ಪತ್ತೇಳು ವರ್ಷದ ಗಾಡಿ ಇಷ್ಟು ನುಣ್ಣಗೆ ಓಡುವುದನ್ನು ನಾವು ಕಂಡಿಲ್ಲ ಎಂದು ಹೊಗಳಿದರು. ಭೀಮಶಿ ಇಂಜಿನ್ ಆರಿಸದೆ ಕೆಳಗಿಳಿದು, ನಾಲ್ಕು ಹೆಜ್ಜೆ ದೂರ ಹೋಗಿ ಫೋನು ಹಚ್ಚಿದ.

"ಮಾಲಾ, ಗಾಡಿ ಕೆಟ್ಟ ನಿಂತೈತಿ. ಇವತ್ತ ಬರಾಕ ಆಗೂದಿಲ್ಲ."

ಮಾಲಾ ತಣ್ಣಗಿನ ದನಿಯಲ್ಲಿ ಕೇಳಿದಳು: "ಯಾರ ನೂಕಿದ್ರು?"

ಭೀಮಶಿ ಹಿಂತಿರುಗಿ ನೋಡಿದ. ಒಳಗಿನ ಕೆಂಪು ಅಂಕಿಯನ್ನು ಗಂಡಿನ ಕಡೆಯವರು ಇಣುಕಿ ನೋಡುತ್ತಿದ್ದರು. ಲಗಮಣ್ಣ ಎದುರು ನಿಂತ ಹುಡುಗನ ಕೈ ಹಿಡಿದು, ಕಾಣದ ಮುಖದ ಕಡೆ ನಗುತ್ತಿದ್ದರು.

"ನಾ ಒಬ್ಬನ ನೂಕೇನಿ," ಎಂದ ಭೀಮಶಿ. "ಮೋಡಕಾದವಗ ನಾಳೆ ಬ್ಯಾಡ, ನಾಡಿದ್ದ ಬಾ ಅಂತ ಹೇಳು."